ಶುಗರ್ ಮಾತ್ರೆ ತಗೊಳ್ಳೋರು ಮುದ್ದೆ ಬಿಟ್ಟು ಕೀಟೋ ಮಾಡಬಹುದಾ?

ನಿಮ್ಮ ಪ್ರಶ್ನೆ ಓದುವಾಗ ಮೊದಲು ನಗು ಬಂತು. ಕೊನೆಗೆ ಬರುವಷ್ಟರಲ್ಲಿ ಸ್ವಲ್ಪ ಭಯವೂ ಆಯಿತು. ವಯಸ್ಸು 36, ತೂಕ 86 ಕಿಲೋ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 7.4, ಮಾತ್ರೆ ಶುರುವಾಗಿ ಎರಡು ತಿಂಗಳು. ಜೊತೆಯಲ್ಲಿ ಕೆಲಸ ಮಾಡುವವರು ಕೀಟೋ (ಅನ್ನ, ಮುದ್ದೆಯಂಥ ಪಿಷ್ಟ ಹೆಚ್ಚುಕಮ್ಮಿ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಊಟ) ಮಾಡಿ 9 ಕಿಲೋ ಇಳಿದಿದ್ದಾರೆ. ಹಾಗಾಗಿ ಬರುವ ಸೋಮವಾರದಿಂದ ಮುದ್ದೆ, ಅನ್ನ ಎರಡೂ ಬಂದ್. ಕೀಟೋ ವಾಸಿಯಾ, 16 ಗಂಟೆ ಉಪವಾಸ ವಾಸಿಯಾ ಅಂತ ಕೇಳಿದ್ದೀರಿ.

2018ರಲ್ಲಿ ನಾನೂ ಸೋಮವಾರವೇ ಶುರು ಮಾಡಿದ್ದು. ಎರಡರಲ್ಲಿ ಯಾವುದು ವಾಸಿ ಅಂತ ತೀರ್ಮಾನ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿಬಿಟ್ಟೆ.

ನಾನು ತುಮಕೂರಿನವನು. ಪೀಣ್ಯದ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಕೆಲಸ. ಬೆಳಿಗ್ಗೆ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯೋದು, ಸಂಜೆ ಮತ್ತೆ ರೈಲು. ಆಗ ನನಗೆ 41 ವರ್ಷ, 84 ಕಿಲೋ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ರಕ್ತ ತೆಗೆದು ಟೆಸ್ಟ್ ಮಾಡಿದಾಗ ಎಚ್‌ಬಿಎ1ಸಿ 8.2 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ, ನಾನು ಆ ಗೆರೆ ಯಾವತ್ತೋ ದಾಟಿದ್ದೆ. ಡಾಕ್ಟರು ಎರಡು ಮಾತ್ರೆ ಬರೆದರು. ಮೆಟ್‌ಫಾರ್ಮಿನ್ ದಿನಕ್ಕೆ ಎರಡು ಸಲ, ಊಟ ಆದ ಮೇಲೆ. ಗ್ಲಿಮಿಪಿರೈಡ್ ಬೆಳಿಗ್ಗೆ ಒಂದು, ತಿಂಡಿಗೆ ಮುಂಚೆ. ಈ "ತಿಂಡಿಗೆ ಮುಂಚೆ" ಅನ್ನೋದನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲ ಅಲ್ಲೇ ಇದೆ.

ನಮ್ಮ ಸ್ಟೋರ್ಸ್‌ನಲ್ಲಿ ಒಬ್ಬ ಹುಡುಗ ಇದ್ದ. ಮದುವೆಗೆ ಮುಂಚೆ ತೂಕ ಇಳಿಸಬೇಕು ಅಂತ ಕೀಟೋ ಮಾಡುತ್ತಿದ್ದ. ಅವನಿಗೆ ಶುಗರ್ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ಇದು ನನ್ನ ತಲೆಗೆ ಹೋಗಲೇ ಇಲ್ಲ. ಅವನು ಕಳಿಸಿದ ಚಾರ್ಟ್ ಮಾತ್ರ ಹೋಯಿತು: ಪನ್ನೀರು, ಮೊಟ್ಟೆ, ಬೆಣ್ಣೆ, ಚಿಕನ್, ಸೌತೆಕಾಯಿ. ರಾಗಿ, ಅಕ್ಕಿ, ಗೋಧಿ, ಬೇಳೆ, ಬಾಳೆಹಣ್ಣು ಎಲ್ಲದರ ಮುಂದೆ ಕೆಂಪು ಇಂಟು ಮಾರ್ಕ್. ಮೊದಲ ದಿನ ಅಮ್ಮ ನನ್ನ ತಟ್ಟೆ ನೋಡಿ, "ಹಿಟ್ಟಿಲ್ಲದ ಊಟ ಯಾವ ಊಟಾನೋ, ಕೋಳಿ ತಿಂದು ಕೈ ತೊಳ್ಕೊಂಡಂಗೆ" ಅಂದಳು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು, ನಿಮಗೆ ಗೊತ್ತಲ್ಲ. ಹೆಂಡತಿ ಏನೂ ಅನ್ನಲಿಲ್ಲ. ಪನ್ನೀರಿನ ಬಿಲ್ಲು ತಂದು ಟಿವಿ ಮೇಲೆ ಇಟ್ಟಳು ಅಷ್ಟೆ. ಅತ್ತೆ ಮನೆ ತಿಪಟೂರು ಪಕ್ಕ, ಕೊಬ್ಬರಿ ಎಣ್ಣೆಗೆ ಬರ ಇರಲಿಲ್ಲ. ಅದನ್ನು ಕಾಫಿಗೆ ಹಾಕಿ ಕುಡಿದೆ. ಹೇಗಿತ್ತು ಅಂತ ಕೇಳಬೇಡಿ.

ಒಂದೇ ವಾರಕ್ಕೆ ಮೂರು ಕಿಲೋ ಇಳಿದೆ! ರೈಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಜಾಸ್ತಿ ಪಾಲು ನೀರು. ನಮ್ಮ ಲಿವರ್, ಸ್ನಾಯುಗಳಲ್ಲಿ ಒಂದಷ್ಟು ಪಿಷ್ಟ ಗ್ಲೈಕೋಜನ್ ಆಗಿ ಕೂತಿರುತ್ತದೆ. ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ಮುದ್ದೆ ನಿಲ್ಲಿಸಿದರೆ ಆ ಗ್ಲೈಕೋಜನ್ ಖಾಲಿ, ಅದರ ಜೊತೆ ನೀರೂ ಖಾಲಿ. ಮತ್ತೆ ಎರಡು ಮದುವೆ ಊಟ ಮಾಡಿದರೆ ಎಲ್ಲ ವಾಪಸ್ಸು. ಆದರೆ ಆಗ ನಾನು ಮೂರು ಕಿಲೋದ ಅಮಲಿನಲ್ಲಿದ್ದೆ. ಇನ್ನೂ ಬೇಗ ಇಳಿಯಲಿ ಅಂತ ಎರಡನೇ ವಾರ ಬೆಳಗಿನ ತಿಂಡಿಯನ್ನೂ ಬಿಟ್ಟೆ. ರಾತ್ರಿ ಎಂಟಕ್ಕೆ ಊಟ, ಮಾರನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಊಟ. ಅದೇ 16 ಗಂಟೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ತಿಂಡಿ ಬಿಟ್ಟೆ. ತಿಂಡಿಗೆ ಮುಂಚಿನ ಮಾತ್ರೆ ಬಿಡಲಿಲ್ಲ. ಯಾಕೆ ಬಿಡಲಿ? ಡಾಕ್ಟರು ದಿನಾ ತಗೊಳ್ಳಿ ಅಂದಿದ್ದಾರೆ, ನಾನು ಶಿಸ್ತಿನ ಮನುಷ್ಯ. ಬೆಳಿಗ್ಗೆ ಆರೂವರೆಗೆ ಹಲ್ಲುಜ್ಜಿ ಒಂದು ಲೋಟ ನೀರಿನ ಜೊತೆ ನುಂಗಿ, ಬ್ಯಾಗ್ ಹಾಕಿಕೊಂಡು ಸ್ಟೇಷನ್‌ಗೆ ಹೋಗುತ್ತಿದ್ದೆ. ಹಿಂದಿನ ರಾತ್ರಿ ಊಟಕ್ಕೆ ಪನ್ನೀರು ಸೌತೆಕಾಯಿ. ಅಂದರೆ ಹೊಟ್ಟೆಯಲ್ಲಿ ಸಕ್ಕರೆ ಆಗುವಂಥದ್ದು ಹೆಚ್ಚುಕಮ್ಮಿ ಏನೂ ಇಲ್ಲ. ಮುಂದಿನ ಐದಾರು ಗಂಟೆ ಏನೂ ಬೀಳುವುದೂ ಇಲ್ಲ. ಆ ಮಾತ್ರೆಗೆ ಇದು ಗೊತ್ತಿಲ್ಲ. ಗ್ಲಿಮಿಪಿರೈಡ್ ಮಾಡೋದೇ ಮೇದೋಜೀರಕ ಗ್ರಂಥಿಯನ್ನು ಒತ್ತಿ ಒತ್ತಿ ಇನ್ಸುಲಿನ್ ಹೊರಡಿಸೋ ಕೆಲಸ. ನೀವು ಉಂಡಿದ್ದೀರಾ ಇಲ್ಲವಾ ಅಂತ ಅದು ವಿಚಾರಿಸುವುದಿಲ್ಲ. ಬೋರಿನಲ್ಲಿ ನೀರು ಇಲ್ಲದಿದ್ದರೂ ಟೈಮರ್ ಹಾಕಿದ ಮೋಟಾರು ತನ್ನ ಹೊತ್ತಿಗೆ ಆನ್ ಆಗುತ್ತದಲ್ಲ, ಹಾಗೆ. ಒಂದೆರಡು ಸಲ ಏನೂ ಆಗುವುದಿಲ್ಲ. ಒಂದು ದಿನ ಸುಟ್ಟುಹೋಗುತ್ತದೆ.

ಹನ್ನೆರಡನೇ ದಿನ ಆ ದಿನ ಬಂತು. ರೈಲು ಕ್ಯಾತ್ಸಂದ್ರ ದಾಟುವಾಗ ಚೆನ್ನಾಗಿಯೇ ಇದ್ದೆ. ಹಿರೇಹಳ್ಳಿ ಹತ್ತಿರ ಅಂಗೈ ಒದ್ದೆ. ಫ್ಯಾನ್ ಓಡುತ್ತಿದೆ, ಜನವರಿ ಚಳಿ, ಆದರೂ ಶರ್ಟು ಬೆನ್ನಿಗೆ ಅಂಟಿಕೊಂಡಿದೆ. ಎದುರಿಗೆ ಕೂತ ಒಬ್ಬ ಹುಡುಗ ಮೊಬೈಲಿನಲ್ಲಿ ಹಾಡು ಹಾಕಿಕೊಂಡಿದ್ದ. ಅವನ ಮೇಲೆ ಎಂಥ ಕೋಪ ಬಂತು ಅಂದರೆ ಎದ್ದು ಮೊಬೈಲ್ ಕಿತ್ತುಕೊಳ್ಳಲು ಹೋದೆ. ನಾನು ಜಗಳಗಂಟನಲ್ಲ. ಶುಗರ್ ಇಳಿದಾಗ ಹೀಗೆ ಕಾರಣವಿಲ್ಲದ ಸಿಟ್ಟು ಬರುತ್ತದೆ ಅಂತ ಆಮೇಲೆ ತಿಳಿಯಿತು. ಎದ್ದವನಿಗೆ ಕಾಲು ನಿಲ್ಲಲಿಲ್ಲ. ತುಟಿ ಜೋಮು ಹಿಡಿದ ಹಾಗಿತ್ತು. ಮಾತಾಡಲು ಹೋದರೆ ನಾಲಿಗೆ ದಪ್ಪ.

ಪಕ್ಕದಲ್ಲಿ ಕಾಕಡ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ನೆಲದ ಮೇಲೆ ಕೂತಿದ್ದಳು. ನನ್ನ ಕೈ ಹಿಡಿದು ನೋಡಿದಳು, ಮುಖ ನೋಡಿದಳು.

"ಏನಪ್ಪಾ, ಶುಗರ್ ಐತಾ?"

ತಲೆ ಆಡಿಸಿದೆ.

"ಮಾತ್ರೆ ನುಂಗಿದೀಯಾ?"

ಹೂಂ.

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡಿದೀಯಾ?"

ಅಷ್ಟೇ. ಮೂರು ಪ್ರಶ್ನೆ. ಹನ್ನೆರಡು ದಿನದಿಂದ ವಿಡಿಯೋ ನೋಡಿ, ಚಾರ್ಟ್ ನೋಡಿ, ಗ್ರಾಂ ಲೆಕ್ಕ ಹಾಕಿದ ನನಗೆ ಈ ಮೂರನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು ಅಂತ ಹೊಳೆದಿರಲಿಲ್ಲ. ಅಜ್ಜಿ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಪೇಪರಿನಲ್ಲಿ ಸುತ್ತಿದ ಬೆಲ್ಲದ ಉಂಡೆ ತೆಗೆದಳು. ಅದಕ್ಕೆ ಹೊಗೆಸೊಪ್ಪಿನ ವಾಸನೆ, ಒಂದು ಕಡೆ ಸುಣ್ಣ ಮೆತ್ತಿಕೊಂಡಿತ್ತು. ನಾನು ಆ ಸ್ಥಿತಿಯಲ್ಲೂ, "ಬೆಲ್ಲ ಬೇಡಮ್ಮ, ಕೀಟೋ ಮಾಡ್ತಿದೀನಿ" ಅಂದೆನಂತೆ. ನನಗೆ ನೆನಪಿಲ್ಲ, ಆ ಮೊಬೈಲ್ ಹುಡುಗ ಆಮೇಲೆ ಹೇಳಿದ್ದು. ಅದಕ್ಕೆ ಅಜ್ಜಿ, "ಅದ್ಯಾವ ಕಾಟಾನೋ ಆಮ್ಯಾಕೆ ನೋಡ್ಕೊ, ಮೊದ್ಲು ಬಾಯಿ ತೆಗಿ" ಅಂತ ಬೆಲ್ಲ ತುರುಕಿದಳಂತೆ.

ನಿಡವಂದ ದಾಟಿದ ಮೇಲೆ ಕಣ್ಣು ತಿಳಿಯಾಯಿತು. ಅಜ್ಜಿಯೇ ಯಾರದೋ ಡಬ್ಬಿಯಿಂದ ಎರಡು ಇಡ್ಲಿಯನ್ನೂ ಕೊಡಿಸಿದಳು. ನಾನು ಒಂದು ತಿಂದು ಸಾಕು ಅಂದೆ. ಅದೂ ತಪ್ಪೇ. ಯಶವಂತಪುರದಲ್ಲಿ ಇಳಿದು ಕ್ಲಿನಿಕ್‌ಗೆ ಹೋದರೆ, ಬೆಲ್ಲ, ಇಡ್ಲಿ ಎರಡೂ ಹೋದ ಮೇಲೂ ಮೀಟರ್ 74 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಅಪಾಯ ಅಂತಾರೆ. ರೈಲಿನಲ್ಲಿ ಎಷ್ಟಿತ್ತೋ ದೇವರಿಗೇ ಗೊತ್ತು. ಆ ಮಾತ್ರೆಯ ಕೆಲಸ ಇಡೀ ದಿನ ನಡೆಯುತ್ತದೆ, ಹಾಗಾಗಿ ಒಂದು ಸಲ ಬೆಲ್ಲ ತಿಂದು ಸರಿ ಹೋಯಿತು ಅಂತ ಮಲಗುವ ಹಾಗಿಲ್ಲ, ಮತ್ತೆ ಇಳಿಯಬಹುದು. ಮೂರು ಚಮಚ ಸಕ್ಕರೆಯೋ ಅಷ್ಟು ಬೆಲ್ಲವೋ ತಿಂದು, 15 ನಿಮಿಷ ಕಾದು, ಮತ್ತೆ ಚೆಕ್ ಮಾಡಿ, ಆಮೇಲೆ ಸರಿಯಾಗಿ ಊಟ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಸಂಜೆ ನಮ್ಮ ಡಾಕ್ಟರ ಹತ್ತಿರ ಹೋದೆ. ಚೆನ್ನಾಗಿ ಬೈದರು. ಕೀಟೋ ಮಾಡಿದ್ದಕ್ಕೆ ಬೈತಾರೆ ಅಂದುಕೊಂಡಿದ್ದೆ, ಅದಕ್ಕೆ ಬೈಯಲಿಲ್ಲ. "ಮೊದಲೇ ಒಂದು ಮಾತು ಹೇಳಿದ್ರೆ ಈ ಮಾತ್ರೇನ ಅರ್ಧ ಮಾಡ್ತಿದ್ದೆ, ಇಲ್ಲಾ ನಿಲ್ಲಿಸ್ತಿದ್ದೆ ಕಣ್ರೀ. ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?" ಅಂದರು. ಏನಾಗಿತ್ತು ಅಂದರೆ, ಹೇಳಿದರೆ ಬೇಡ ಅಂತಾರೆ ಅನ್ನೋ ಭಯ. ಸುಮ್ನೆ ಮಾಡಿ, ಮೂರು ತಿಂಗಳು ಬಿಟ್ಟು ರಿಪೋರ್ಟ್ ತೋರಿಸಿ ಬೆರಗು ಮಾಡೋಣ ಅಂತ ಇತ್ತು ಮನಸ್ಸಿನಲ್ಲಿ. ನಿಮಗೂ ಅದೇ ಇದೆ ಅಂತ ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ಅನ್ನಿಸುತ್ತದೆ. ತಪ್ಪಿದ್ದರೆ ಕ್ಷಮಿಸಿ.

ಮಾತ್ರೆಗಳಲ್ಲಿ ವ್ಯತ್ಯಾಸ ಇದೆ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುತ್ತಿದ್ದರೆ ಹೀಗೆ ಕುಸಿಯುವುದು ಅಪರೂಪ. ಅದು ಮುಖ್ಯವಾಗಿ ಲಿವರ್ ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ, ಇನ್ಸುಲಿನ್ ಹೊರಡಿಸುವುದಿಲ್ಲ. ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್, ಹೀಗೆ "ಗ್ಲಿ" ಅಂತ ಶುರುವಾಗುವವು ನನ್ನನ್ನು ಬೀಳಿಸಿದ ಜಾತಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಇನ್ನೊಂದು ಜಾತಿ ಇದೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ್ದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಅವುಗಳ ಜೊತೆ ಕೀಟೋ ಮಾಡಿದರೆ ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್ ಬರಬಹುದು, ಅದೂ ಮೀಟರಿನಲ್ಲಿ ಶುಗರ್ ತೀರಾ ಜಾಸ್ತಿ ಕಾಣಿಸದೇ ಇರುವಾಗಲೇ. ಬ್ರಾಂಡ್ ಹೆಸರು ನೋಡಿದರೆ ಇದು ಯಾವುದೂ ತಿಳಿಯುವುದಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಬೇಕು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿರುವುದೂ ಉಂಟು. ಹಾಗಂತ ನನ್ನ ಮಾತು ಕೇಳಿ ನೀವೇ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೊಂದು ಪೆದ್ದತನ.

ಇನ್ನು ಕೀಟೋ ವಾಸಿಯಾ, ಉಪವಾಸ ವಾಸಿಯಾ. ನನ್ನನ್ನು ಕೇಳಿದರೆ ಪ್ರಶ್ನೆಯೇ ಸರಿ ಇಲ್ಲ. ಕೀಟೋ ಶುರುವಾದದ್ದೇ ಅಪಸ್ಮಾರಕ್ಕೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅನ್ನೋ ವೈದ್ಯರು, ಉಪವಾಸ ಮಾಡಿಸಿದರೆ ಫಿಟ್ಸ್ ಕಮ್ಮಿಯಾಗುತ್ತದಲ್ಲ, ಉಪವಾಸ ಇಲ್ಲದೆ ಅದೇ ಪರಿಣಾಮ ತರೋಣ ಅಂತ ಕೊಬ್ಬೇ ಹೆಚ್ಚಿರುವ ಊಟ ಸೂಚಿಸಿದರು. ಈಗಲೂ ಕೆಲವು ಮಕ್ಕಳಿಗೆ ಆಸ್ಪತ್ರೆಯ ನಿಗಾದಲ್ಲಿ ಕೊಡುತ್ತಾರೆ. ತೂಕಕ್ಕೂ ಶುಗರ್‌ಗೂ ಕೆಲಸ ಮಾಡಲ್ಲ ಅಂತ ನಾನು ಹೇಳಲ್ಲ, ಮಾಡುತ್ತದೆ. ಆದರೆ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ (ಪಿಷ್ಟ, ಸಕ್ಕರೆ) ಮೀರುವ ಹಾಗಿಲ್ಲ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ ಕೇಳಿ. ಅಮ್ಮ ಮುದ್ದೆ ತೊಳಸುವಾಗ ಒಂದು ದಿನ ಹಿಟ್ಟನ್ನು ತೂಕ ಹಾಕಿದೆ. ಅವಳದೆಲ್ಲ ಕಣ್ಣಳತೆ, ತಕ್ಕಡಿ ನೋಡಿ ಮುಖ ಸಿಂಡರಿಸಿದಳು. ಒಂದು ಮುದ್ದೆಗೆ 110 ಗ್ರಾಂ ಹಿಟ್ಟು. ನಾನು ಉಣ್ಣುತ್ತಿದ್ದದ್ದು ಎರಡು. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬ್, ಅಂದರೆ ರಾತ್ರಿ ಒಂದೇ ಊಟಕ್ಕೆ 150 ಗ್ರಾಂ. ಮೇಲೆ ಒಂದು ತಟ್ಟೆ ಅನ್ನ. ಆ ಹಳೇ ಊಟ ಜಾಸ್ತಿಯೇ, ಒಪ್ಪಿಕೊಳ್ಳೋಣ. ಆದರೆ ಅದರಿಂದ ನೇರ 20 ಗ್ರಾಂಗೆ ಜಿಗಿದು, ಅಲ್ಲೇ ವರ್ಷಾನುಗಟ್ಟಲೆ ಇರುತ್ತೀರಾ? ಹಬ್ಬ, ಜಾತ್ರೆ, ಬೀಗರೂಟ ಎಲ್ಲ ಬಿಟ್ಟು? ನಮ್ಮ ಸ್ಟೋರ್ಸ್ ಹುಡುಗ ಮದುವೆ ಆದ ಆರು ತಿಂಗಳಿಗೆ ಮೊದಲಿಗಿಂತ ಎರಡು ಕಿಲೋ ಜಾಸ್ತಿಯೇ ಇದ್ದ. ಮಲಬದ್ಧತೆ ಬಗ್ಗೆ ಇಲ್ಲಿ ಬರೆಯಲ್ಲ, ನಾರು ಇಲ್ಲದ ಹನ್ನೆರಡು ದಿನ ಹೇಗಿರುತ್ತದೆ ಅಂತ ನೀವೇ ಊಹಿಸಿ.

ಉಪವಾಸದ್ದು ಅಷ್ಟು ತಕರಾರಿಲ್ಲ. ರಾತ್ರಿ ಬೇಗ ಉಂಡು ಆಮೇಲೆ ಏನೂ ತಿನ್ನದೇ ಇದ್ದರೆ ಒಳ್ಳೆಯದೇ. ಅದರಲ್ಲಿ ಮಾಯಮಂತ್ರ ಏನಿಲ್ಲ, ತಿನ್ನುವ ಹೊತ್ತು ಕಮ್ಮಿಯಾದರೆ ತಿನ್ನೋದೂ ಕಮ್ಮಿಯಾಗುತ್ತದೆ.

"ಹಾಗಾದ್ರೆ ರಾಗಿ ತಿಂದವ ನಿರೋಗಿ, ಮುದ್ದೆ ಎಷ್ಟು ಬೇಕಾದ್ರೂ ಉಣ್ಣಬಹುದಾ" ಅಂತ ಯಾರಾದರೂ ಕೇಳುತ್ತಾರೆ, ಅವರಿಗೂ ಸೇರಿಸಿ ಹೇಳಿಬಿಡುತ್ತೇನೆ. ರಾಗಿಯಲ್ಲಿ ಸುಣ್ಣದ ಅಂಶ ತುಂಬಾ ಇದೆ, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ. ಪಾಲಿಶ್ ಅಕ್ಕಿಗಿಂತ ನಾರು ಎಷ್ಟೋ ಜಾಸ್ತಿ. ಆದರೂ ಅದು ಪಿಷ್ಟವೇ, ಶುಗರ್ ಏರಿಸಿಯೇ ಏರಿಸುತ್ತದೆ. ನನ್ನ ಮೀಟರ್ ಹೇಳಿದ ಪ್ರಕಾರ: ಎರಡು ಮುದ್ದೆ, ತಿಳಿ ಸಾರು ಉಂಡ ಎರಡು ಗಂಟೆಗೆ 212. ಒಂದು ಚಿಕ್ಕ ಮುದ್ದೆ, ತಟ್ಟೆಯ ಅರ್ಧ ಸೊಪ್ಪು ಕಾಳಿನ ಪಲ್ಯ, ಬಸ್ಸಾರು ಉಂಡ ದಿನ 148. ರಾಗಿ ಅದೇ, ಗಿರಣಿ ಅದೇ. ಎರಡು ಮುದ್ದೆ ಉಂಡು ಅರಗಿಸಿದ ನಮ್ಮ ತಾತ ನೇಗಿಲ ಹಿಂದೆ ನಡೆದವನು. ನಾನು ಒಂಬತ್ತು ಗಂಟೆ ಕುರ್ಚಿ ಬಿಟ್ಟು ಏಳದವನು.

2023 ಸಿರಿಧಾನ್ಯ ವರ್ಷ ಅಂತ ಆಯಿತಲ್ಲ, ಅವಾಗಿಂದ ಬೇಕರಿ ತುಂಬ ರಾಗಿ ಬಿಸ್ಕತ್ತು. ಪ್ಯಾಕೆಟ್ ತಿರುಗಿಸಿ ನೋಡಿ. ಜಾಸ್ತಿ ಇರುವ ಪದಾರ್ಥದ ಹೆಸರು ಮೊದಲು ಬರೆಯಬೇಕು ಅಂತ ನಿಯಮ ಇದೆ. ನಾನು ನೋಡಿದ ಒಂದರಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ಅದಾದ ಮೇಲೆ ರಾಗಿ. ಹೊರಗೆ ಮಾತ್ರ ದೊಡ್ಡ ತೆನೆಯ ಚಿತ್ರ.

ನನ್ನ ವಿಷಯದಲ್ಲಿ ನಿಜವಾದ ಕಳ್ಳ ಅಂದರೆ ಮುದ್ದೆ ಅಲ್ಲವೇ ಅಲ್ಲ, ಫ್ಯಾಕ್ಟರಿಯ ಕಾಫಿ. ದಿನಕ್ಕೆ ಆರು. ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಂ ಹಿಡಿದರೂ 60 ಗ್ರಾಂ ಆಯಿತಾ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಮೇಲೆ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ, ಅದೂ ಆರೋಗ್ಯವಂತರಿಗೆ. ಕಾಫಿ ಜೊತೆ ಸಂಜೆ ಪಫ್ಸು, ಖಾರಾ ಬೂಂದಿ. ಇಷ್ಟನ್ನೂ ಬಿಟ್ಟು ನಾನು ಜಗಳ ತೆಗೆದದ್ದು ಅಮ್ಮನ ಮುದ್ದೆ ಮೇಲೆ! ಈಗ ಕಾಫಿ ಎರಡೇ, ಸಕ್ಕರೆ ಇಲ್ಲ. ಮೊದಲ ಹದಿನೈದು ದಿನ ಕಷಾಯದ ಹಾಗಿತ್ತು. ಈಗ ಯಾರಾದರೂ ಸಕ್ಕರೆ ಹಾಕಿ ಕೊಟ್ಟರೆ ಪಾಯಸ ಕುಡಿದ ಹಾಗಿರುತ್ತದೆ.

ಉಳಿದಂತೆ ಊಟ ಇಷ್ಟು. ರಾತ್ರಿ 70 ಗ್ರಾಂ ಹಿಟ್ಟಿನ ಒಂದು ಮುದ್ದೆ, ಅನ್ನ ಇಲ್ಲ. ಬಸ್ಸಾರಿಗೆ ಬಸಿದ ಸೊಪ್ಪು ಕಾಳನ್ನು ಮೊದಲೆಲ್ಲ ಚಟ್ನಿ ಹಾಗೆ ತಟ್ಟೆಯ ಮೂಲೆಯಲ್ಲಿ ಹಾಕಿಸಿಕೊಳ್ಳುತ್ತಿದ್ದೆ, ಈಗ ಅದೇ ಜಾಸ್ತಿ, ಅದನ್ನೇ ಮೊದಲು ತಿನ್ನೋದು. ಹುರುಳಿ, ಅಲಸಂದೆ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಹುಚ್ಚೆಳ್ಳು ಚಟ್ನಿ ಇದ್ದರೆ ನನಗೆ ಇನ್ನೇನೂ ಬೇಡ. ಬೆಳಿಗ್ಗೆ ಎರಡು ಮೊಟ್ಟೆ, ಒಂದು ದೋಸೆ, ಅದು ರೈಲು ಹತ್ತುವ ಮುಂಚೆ, ಯಾವ ಕಾರಣಕ್ಕೂ ತಪ್ಪಿಸಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಭಾನುವಾರ ಒಂದು, ಬೆಣ್ಣೆ ಸಮೇತ. ಅದನ್ನು ಬಿಡು ಅನ್ನುವ ಡಯಟ್ ನನಗೆ ಬೇಡ. ರಾತ್ರಿ ಉಂಡ ಮೇಲೆ ಅರ್ಧ ಗಂಟೆ ಹೆಂಡತಿ ಜೊತೆ ನಡಿಗೆ. ಒಂದೂವರೆ ವರ್ಷಕ್ಕೆ 84ರಿಂದ 77ಕ್ಕೆ ಬಂದೆ, ಎಚ್‌ಬಿಎ1ಸಿ 6.6. ಗ್ಲಿಮಿಪಿರೈಡನ್ನು ಡಾಕ್ಟರೇ ಮೊದಲು ಅರ್ಧ ಮಾಡಿ ಆಮೇಲೆ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಈಗಲೂ ಇದೆ. ಕೀಟೋ ವಿಡಿಯೋದವರ ವೇಗಕ್ಕೆ ಹೋಲಿಸಿದರೆ ಇದು ಆಮೆ ನಡಿಗೆ, ಗೊತ್ತು.

ನೀವು ಇಷ್ಟುದ್ದ ಬರೆದಿದ್ದೀರಿ. ಬೆಳಿಗ್ಗೆ ಏನು ತಿಂತೀರಿ, ಪನ್ನೀರು ಎಲ್ಲಿ ಅಗ್ಗ, ಅವಕಾಡೊ ಬದಲು ಏನು, ಎಲ್ಲ ಇದೆ. ಮಾತ್ರೆ ಶುರುವಾಗಿದೆ ಅಂದಿದ್ದೀರಿ, ಯಾವ ಮಾತ್ರೆ ಅನ್ನೋದು ಮಾತ್ರ ಇಲ್ಲ. ಈಗ ಎದ್ದು ಹೋಗಿ ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ. "ಗ್ಲಿ" ಅಂತ ಶುರುವಾಗುವ ಹೆಸರು ಕಂಡರೆ, ಇಲ್ಲಾ "ಫ್ಲೋಜಿನ್" ಅಂತ ಮುಗಿಯುವ ಹೆಸರು ಕಂಡರೆ, ಸೋಮವಾರ ಶುರು ಮಾಡಬೇಡಿ. ಸೋಮವಾರ ಡಾಕ್ಟರ ಹತ್ತಿರ ಹೋಗಿ, ಊಟ ಹೀಗೆ ಬದಲಾಯಿಸಬೇಕು ಅಂತಿದ್ದೀನಿ, ಮಾತ್ರೆ ಏನು ಮಾಡಲಿ ಅಂತ ಕೇಳಿ. ಅಲ್ಲಿಯವರೆಗೆ ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಪೇಪರಿನಲ್ಲಿ ಸುತ್ತಿಟ್ಟರೆ ಇರುವೆ ಬರುತ್ತದೆ. ನನ್ನ ಎರಡು ಪ್ಯಾಂಟು ಹಾಗೇ ಹಾಳಾಯಿತು.